ಹಳೇ ಓಮ್ನಿ ಕೊಂಡು ಊರೂರು ಸುತ್ತುವ ಆಸೆಯಿದ್ದವರಿಗೆ

ಹಳೇ ಮಾರುತಿ ಓಮ್ನಿ ವ್ಯಾನ್ ನೋಡಲು ಹೋದವರೆಲ್ಲ ಮೊದಲು ಸೀಟು ಎತ್ತಿ ಎಂಜಿನ್ ನೋಡುತ್ತಾರೆ. ನೀವು ಮೊದಲು ನೆಲದ ಮ್ಯಾಟ್ ಎತ್ತಿ. 796 ಸಿಸಿಯ ಆ ಮೂರು ಸಿಲಿಂಡರ್ ಎಂಜಿನ್ ಹಾಸನದಲ್ಲೂ ರಿಪೇರಿ ಆಗುತ್ತದೆ, ಹೊಸದುರ್ಗದಲ್ಲೂ ಆಗುತ್ತದೆ. 1984ರಿಂದ 2019ರವರೆಗೆ ತಯಾರಾದ ಗಾಡಿ ಇದು, ಸ್ಪೇರ್ ಪಾರ್ಟ್ಸ್‌ಗೆ ಬರವಿಲ್ಲ. ನಮ್ಮ ಗಾಡಿಗೆ ಕ್ಲಚ್ ಸೆಟ್ಟು, ಕೂಲಿ ಎಲ್ಲ ಸೇರಿ ಐದು ಸಾವಿರ ದಾಟಲಿಲ್ಲ. ತುಕ್ಕು ಹಿಡಿದ ತಳದ ತಗಡು ಕತ್ತರಿಸಿ, ವೆಲ್ಡಿಂಗ್ ಮಾಡಿಸಿ, ಪೇಂಟ್ ಹೊಡೆಸಿದ್ದಕ್ಕೆ ಇಪ್ಪತ್ತೆರಡು ಸಾವಿರ ಆಯಿತು. ಎಂಜಿನ್ ಅಗ್ಗ, ತಗಡು ದುಬಾರಿ.

ನಮ್ಮದು 2008ರ ಮಾಡೆಲ್. ಓಡಿಸುವುದು ನಾನು, ಖರ್ಚು ಬರೆದಿಡುವುದೂ ನಾನೇ. ಅಡುಗೆ ನಮ್ಮನೆಯವರದು.

ನೋಡಲು ಹೋಗುವಾಗ ಒಂದು ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ ಜೊತೆಗಿರಲಿ. ಮ್ಯಾಟ್ ಕೆಳಗೆ, ಜಾರುವ ಬಾಗಿಲಿನ ಕೆಳಪಟ್ಟಿಯಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ, ಮುಂದಿನ ಗಾಜಿನ ರಬ್ಬರ್ ಅಂಚಿನಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ತಗಡು ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ಮಂಕು ಸದ್ದು ಕೊಡುತ್ತದೆ, ಜಾಸ್ತಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ ಅಂತಲೇ ಲೆಕ್ಕ. ಕರಾವಳಿಯಲ್ಲಿ ಓಡಿದ ಗಾಡಿಗಿಂತ ಚಿತ್ರದುರ್ಗ, ಬಳ್ಳಾರಿ ಕಡೆಯದ್ದು ವಾಸಿ. ಉಪ್ಪುಗಾಳಿ ತಗಡನ್ನು ಬಿಡುವುದಿಲ್ಲ.

ಆಮೇಲೆ ಎಂಜಿನ್ ನೋಡಿ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಸಿ. ನೀರು ಕಂದು ಬಣ್ಣಕ್ಕೆ ತಿರುಗಿದ್ದರೆ ವರ್ಷಗಟ್ಟಲೆ ಯಾರೂ ಕೂಲಂಟ್ ಹಾಕಿಲ್ಲ. ಬೋರ್‌ವೆಲ್ ನೀರು ಸುರಿದೇ ಓಡಿಸಿದ್ದರೆ ಒಳಗೆ ಬಿಳಿ ಪದರ ಕಟ್ಟಿಕೊಂಡಿರುತ್ತದೆ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣ ಕಂಡರೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಅಂಥ ಗಾಡಿಗೆ ಅಡ್ವಾನ್ಸ್ ಕೊಡಬೇಡಿ. ಪೆಟ್ರೋಲ್ ಪೈಪುಗಳನ್ನಂತೂ ಬೆರಳಲ್ಲಿ ಬಾಗಿಸಿಯೇ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್‌ಗೆ ಅದು ಒಗ್ಗುವುದಿಲ್ಲ. ಎಂಜಿನ್ ಇರುವುದು ನಿಮ್ಮ ಸೀಟಿನ ಕೆಳಗೇ, ಅಲ್ವಾ? ಪೈಪ್ ಬಿರುಕು ಬಿಟ್ಟಿದ್ದರೆ ಕೊಂಡ ವಾರವೇ ಎಲ್ಲ ಬದಲಾಯಿಸಿ.

ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ದಾಖಲಾಗಿದೆಯಾ ನೋಡಿ. ಆಗಿಲ್ಲದಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಕಾಗದದ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. 15 ವರ್ಷ ಆದ ಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಕಾರುಗಳಿಗೆ ಈ ಶುಲ್ಕ 5,000 ರೂಪಾಯಿ. ಜೊತೆಗೆ ಹಸಿರು ತೆರಿಗೆ. ತಡ ಮಾಡಿದರೆ ತಿಂಗಳಿಗೆ 500 ದಂಡ. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ನವೀಕರಣ ಶುಲ್ಕವನ್ನು 10,000ಕ್ಕೆ ಏರಿಸಿದರು. ನಮ್ಮ ಗಾಡಿಗೆ 2028ರಲ್ಲಿ ಆ ಬಿಸಿ ತಟ್ಟಲಿದೆ. ಹಾಗಾಗಿ ಕೊಳ್ಳುವಾಗ ಬೆಲೆಗಿಂತ ಮುಂಚೆ ಕೇಳಬೇಕಾದ ಮಾತು: ಎಫ್‌ಸಿ ಎಲ್ಲಿವರೆಗಿದೆ? ಇನ್ಶೂರೆನ್ಸ್ ಮಾತ್ರ ಹಗುರ. 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 2,094 ರೂಪಾಯಿ, ಮೇಲೆ ಜಿಎಸ್‌ಟಿ.

ಇನ್ನು ಮಲಗುವ ವ್ಯವಸ್ಥೆ. ಸೀಟು ಕಿತ್ತು ಹಾಕಬೇಡಿ. ಆರ್‌ಸಿಯಲ್ಲಿ ಎಷ್ಟು ಸೀಟು ಇದೆಯೋ ಅಷ್ಟು ಗಾಡಿಯಲ್ಲಿರಬೇಕು, ಬದಲಾಯಿಸಲು ಆರ್‌ಟಿಒ ಅನುಮತಿ ಬೇಕು. ನಾವು ಹಿಂದಿನ ಸೀಟು ಮಡಚಿ, ಅದರ ಮೇಲೆ ಎರಡು ತುಂಡು ಪ್ಲೈವುಡ್ ಹಲಗೆ ಹಾಕುತ್ತೇವೆ. ಹಲಗೆಯ ಕೆಳಗೆ ಒಂದು ಟ್ರಂಕು, ಮೇಲೆ ಹತ್ತಿ ಹಾಸಿಗೆ. ಊರಿಗೆ ಬಂದ ಮೇಲೆ ಹಲಗೆ ಅಟ್ಟಕ್ಕೆ. ಐದೂಮುಕ್ಕಾಲು ಅಡಿ ದಾಟಿದವರು ಮೂಲೆಯಿಂದ ಮೂಲೆಗೆ ಮಲಗಬೇಕಾಗುತ್ತದೆ, ಮೊದಲೇ ಟೇಪ್ ಹಿಡಿದು ಅಳೆಯಿರಿ. ಜಾರುವ ಬಾಗಿಲಿಗೆ ಸೊಳ್ಳೆ ಪರದೆಯನ್ನು ವೆಲ್ಕ್ರೋ ಹಚ್ಚಿ ಅಂಟಿಸಿಕೊಳ್ಳಿ. ಕಿಟಕಿಗೆ ಪರದೆ ಹಾಕುವುದು ಗಾಡಿ ನಿಲ್ಲಿಸಿದ ಮೇಲೆ, ಓಡಿಸುವಾಗ ಬೇಡ. ಒಲೆ ಹಚ್ಚುವುದು ಯಾವತ್ತೂ ಹೊರಗೆ. ಮಳೆ ಬಂದರೆ ಅವಲಕ್ಕಿ ಮೊಸರು.

ಘಾಟಿಯಲ್ಲಿ ಆತುರ ಬೇಡ. ಚಾರ್ಮಾಡಿ ಏರುವಾಗ ಟೆಂಪರೇಚರ್ ಮುಳ್ಳು ಅರ್ಧ ದಾಟಿದರೆ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಬಿಸಿ ನೀರು ಮುಖಕ್ಕೇ ಚಿಮ್ಮುತ್ತದೆ. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವವರು ನೆನಪಿಡಿ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್.

ರಾತ್ರಿ ನಿಲ್ಲಿಸಲು ಸುಮ್ನೆ ರಸ್ತೆ ಬದಿ ಹುಡುಕಬೇಡಿ. ಲೈಟಿರುವ ಪೆಟ್ರೋಲ್ ಬಂಕು, ದೇವಸ್ಥಾನದ ಪಾರ್ಕಿಂಗು, ಹೋಮ್‌ಸ್ಟೇ ಅಂಗಳ, ಎಲ್ಲೇ ಆದರೂ ಕೇಳಿಕೊಂಡು ನಿಲ್ಲಿಸಿ. "ಅಣ್ಣಾ, ಬೆಳಿಗ್ಗೆ ಹೊರಡ್ತೀವಿ" ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಬೆಳಿಗ್ಗೆ ಅಲ್ಲೇ ತಿಂಡಿ ತಿಂದು, ಟ್ಯಾಂಕ್ ತುಂಬಿಸಿಕೊಂಡು ಹೊರಡುವುದು ಮರ್ಯಾದೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ದುಡ್ಡಂತೂ ಉಳಿಯುವುದಿಲ್ಲ. ಹೈವೇಯಲ್ಲಿ ಲೀಟರಿಗೆ ಹದಿಮೂರು, ಹದಿನಾಲ್ಕು ಕಿಲೋಮೀಟರ್. ಟೈರು, ಬ್ಯಾಟರಿ, ಬಾಗಿಲಿನ ರೋಲರು ಅಂತ ಏನಾದರೊಂದು ಬರುತ್ತಲೇ ಇರುತ್ತದೆ. ಲೆಕ್ಕ ಹಾಕಿದರೆ ಲಾಡ್ಜೇ ಅಗ್ಗ. ಆದರೆ ಲಾಡ್ಜಿಗೆ ಹೋಗುವವರಿಗೆ ಚೆಕ್-ಔಟ್ ಟೈಮಿನ ಚಿಂತೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಲ್ಲಿ ಹೋಟೆಲಿನವರನ್ನು ಕೇಳಿ ಹಿತ್ತಲಲ್ಲಿ ಗಾಡಿ ನಿಲ್ಲಿಸಿದ್ದೆವು. ಮಧ್ಯಾಹ್ನ ಹೊರಡಬೇಕಾದವರು ಮೀನೂಟ ಮಾಡಿ, ಬಾಗಿಲು ಪೂರ್ತಿ ಜಾರಿಸಿ ಗಾಳಿಗೆ ನಿದ್ದೆ ಹೊಡೆದು, ಮಾರನೇ ದಿನ ಹೊರಟೆವು. ಯಾರೂ ರೂಮಿನ ಬಾಗಿಲು ಬಡಿಯಲಿಲ್ಲ.

ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊರಡುವವರಿಗೆ ಇದು ಬೇಡ, ನಿಂತ ಗಾಡಿಗೆ ತುಕ್ಕು ಜಾಸ್ತಿ. ತಿಂಗಳಿಗೊಮ್ಮೆಯಾದರೂ ಹೊರಡುವವರಾದರೆ ಕೊಳ್ಳಿ. ಮಳೆಗಾಲ ಮುಗಿದ ತಕ್ಷಣ ನೋಡಲು ಹೋಗಿ, ನೀರು ಎಲ್ಲೆಲ್ಲಿ ಸೋರಿದೆ ಅಂತ ಮ್ಯಾಟ್ ಕೆಳಗೇ ಗೊತ್ತಾಗುತ್ತದೆ.