ಇಂಜೆಕ್ಟರ್ ಬುಡದಲ್ಲಿ ಚುಸ್ ಚುಸ್: ತಾಮ್ರದ ವಾಷರ್ ಬದಲಿಸುವುದು ಹೇಗೆ?

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಚುಸ್ ಚುಸ್ ಅಂತ ಸದ್ದು. ಕಾರಿನೊಳಗೆ ಹೊಗೆ ವಾಸನೆ. ಬಾನೆಟ್ ಎತ್ತಿದರೆ ಒಂದು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ಸುತ್ತ ಡಾಂಬರಿನಂಥ ಕಪ್ಪು ಮಸಿ. ವಯಸ್ಸಾದ ಟರ್ಬೊ ಡೀಸೆಲ್ ಕಾರುಗಳಲ್ಲಿ ಇದು ಮಾಮೂಲು.

ಇಂಜೆಕ್ಟರ್ ಬುಡದಲ್ಲಿ ತೆಳ್ಳನೆಯ ತಾಮ್ರದ ವಾಷರ್ ಇರುತ್ತದೆ. ಸಿಲಿಂಡರಿನ ಬಿಸಿ ಗ್ಯಾಸ್ ಮೇಲೆ ಬರದಂತೆ ತಡೆಯುವುದು ಅದೇ. ಕುಕ್ಕರ್ ಗ್ಯಾಸ್ಕೆಟ್ ಸವೆದಾಗ ಪಕ್ಕದಿಂದ ಹಬೆ ಬರುತ್ತದಲ್ವಾ, ಇದೂ ಹಾಗೆಯೇ. ಟರ್ಬೊ ಗಾಳಿ ತುಂಬುವುದರಿಂದ ಒತ್ತಡ ಇನ್ನೂ ಜಾಸ್ತಿ. ಸುಮ್ನೆ ಬಿಟ್ಟರೆ ಮಸಿ ಗಟ್ಟಿಯಾಗಿ ಇಂಜೆಕ್ಟರನ್ನೇ ಹಿಡಿದುಕೊಳ್ಳುತ್ತದೆ. ಇಂಜೆಕ್ಟರ್ ವಾಲ್ವ್ ಕವರಿನೊಳಗಿರುವ ಎಂಜಿನ್ನಿನಲ್ಲಿ ಮಸಿ ಆಯಿಲ್‌ಗೆ ಸೇರಿ, ಟರ್ಬೊಗೆ ಆಯಿಲ್ ಹೋಗುವ ದಾರಿಯನ್ನೂ ಕಟ್ಟಬಹುದು.

ಮೊದಲು ಸೋರುತ್ತಿರುವುದು ಏನು ಅಂತ ನೋಡಿ. ಮೇಲ್ಭಾಗ ಡೀಸೆಲ್‌ನಿಂದ ಒದ್ದೆಯಾಗಿದ್ದರೆ ಬಹುಶಃ ಉಳಿದ ಡೀಸೆಲ್ ವಾಪಸ್ ಒಯ್ಯುವ ರಿಟರ್ನ್ ಪೈಪಿನ ಓ ರಿಂಗ್ (ರಬ್ಬರ್ ಉಂಗುರ) ಹೋಗಿದೆ, ಅದು ಸುಲಭದ ಕೆಲಸ. ಬುಡದಲ್ಲಿ ಮಸಿ ಇದ್ದರೆ ವಾಷರ್. ಅನುಮಾನ ಇದ್ದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಬುಡಕ್ಕೆ ಒಂದೆರಡು ಹನಿ ಸೋಪಿನ ನೀರು ಬಿಡಿ, ಗುಳ್ಳೆ ಎದ್ದರೆ ಅದೇ. ಎಂಜಿನ್ ಓಡುವಾಗ ಡೀಸೆಲ್ ಪೈಪನ್ನು ಕೈಯಿಂದ ಸವರಿ ನೋಡಬೇಡಿ. ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ, ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಪೈಪಿನಲ್ಲಿ 1000 ಬಾರ್ ದಾಟುತ್ತದೆ. ಸೂಜಿಯಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋದರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಬಿಚ್ಚುವ ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತೆಗೆದು, ಸುತ್ತಲಿನ ಕೊಳೆ ಚೆನ್ನಾಗಿ ಒರೆಸಿ. ವೈರಿನ ಕನೆಕ್ಟರ್, ರಿಟರ್ನ್ ಪೈಪ್, ಆಮೇಲೆ ಹೈ ಪ್ರೆಷರ್ ಪೈಪ್ ಬಿಚ್ಚಿ, ತೆರೆದ ಬಾಯಿಗಳನ್ನೆಲ್ಲ ಮುಚ್ಚಿಡಿ, ಒಂದು ಕಣ ಧೂಳು ಹೋದರೂ ಇಂಜೆಕ್ಟರ್ ಕೆಡಬಹುದು. ಕ್ಲ್ಯಾಂಪ್ ಬೋಲ್ಟ್ (ಇಂಜೆಕ್ಟರನ್ನು ಒತ್ತಿ ಹಿಡಿಯುವುದು) ತೆಗೆದ ಮೇಲೆ ಇಂಜೆಕ್ಟರನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ಮೇಲೆತ್ತಿ. ಬರದಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪುಲ್ಲರ್ ಇರುವ ಗ್ಯಾರೇಜಿಗೆ ಕೊಡಿ. ಒಂದಕ್ಕಿಂತ ಜಾಸ್ತಿ ತೆಗೆದರೆ ಯಾವ ಸಿಲಿಂಡರಿನದು ಅಂತ ನಂಬರ್ ಬರೆದಿಡಿ. ತುಂಬಾ ಕಾರುಗಳಲ್ಲಿ ಪ್ರತಿ ಇಂಜೆಕ್ಟರಿನ ಕೋಡ್ ಇಸಿಯುನಲ್ಲಿ, ಅಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿ, ಇರುತ್ತದೆ, ಅದಲು ಬದಲಾದರೆ ಎಂಜಿನ್ ನಡುಗುತ್ತದೆ.

ಹಳೆಯ ವಾಷರ್ ಎಷ್ಟೋ ಸಲ ಗುಂಡಿಯ ತಳದಲ್ಲೇ ಉಳಿದಿರುತ್ತದೆ. ಟಾರ್ಚ್ ಬಿಟ್ಟು ನೋಡಿ, ತಂತಿಯ ತುದಿ ಬಗ್ಗಿಸಿ ಎತ್ತಿ. ಅದನ್ನು ಬಿಟ್ಟು ಮೇಲೊಂದು ಹೊಸದನ್ನು ಹಾಕಿದರೆ ಡೀಸೆಲ್ ಚಿಮ್ಮುವ ನಾಜಲ್ ಎತ್ತರವೇ ಬದಲಾಗಿ ಬಿಡುತ್ತದೆ.

ಇನ್ನು ನಿಜವಾದ ಕೆಲಸ, ವಾಷರ್ ಕೂರುವ ಸೀಟು. ನಾನು ಮೊದಲ ಸಲ ಬಟ್ಟೆಯಲ್ಲಿ ಒರೆಸಿ ಸಾಕು ಅಂದುಕೊಂಡೆ, ಎರಡೇ ವಾರಕ್ಕೆ ಮತ್ತೆ ಚುಸ್ ಚುಸ್. ಕೆಳಗಿನ ಸಣ್ಣ ತೂತಿಗೆ ಗ್ರೀಸ್ ಹಚ್ಚಿದ ಹತ್ತಿ ತುರುಕಿ, ಮಸಿ ಸಿಲಿಂಡರಿಗೆ ಬೀಳಬಾರದು. ಆಮೇಲೆ ಇಂಜೆಕ್ಟರ್ ಸೀಟ್ ಕಟ್ಟರ್ (ಸೀಟನ್ನು ಕೆರೆದು ಸಮ ಮಾಡುವ ಉಪಕರಣ) ಇಟ್ಟು ಕೈಯಲ್ಲೇ, ಹಗುರವಾಗಿ ತಿರುಗಿಸಿ. ಸುತ್ತಲೂ ಒಂದೇ ಸಮ ಹೊಳೆಯುವ ಉಂಗುರ ಕಂಡರೆ ನಿಲ್ಲಿಸಿ. ಪುಡಿಯನ್ನು ವ್ಯಾಕ್ಯೂಮ್‌ನಲ್ಲಿ ಎಳೆದು, ಹತ್ತಿ ತೆಗೆಯಿರಿ, ಇದನ್ನು ಮರೆತವರಿದ್ದಾರೆ! ನಾಜಲ್ ತುದಿಗೆ ಮಾತ್ರ ತಂತಿ ಬ್ರಷ್ ತಾಗಿಸಬೇಡಿ.

ಹೊಸ ವಾಷರ್ ಅದೇ ದಪ್ಪದ್ದಾಗಿರಲಿ. ಕೆಲವೇ ರೂಪಾಯಿಯ ಸಾಮಾನು, ಹಳೆಯದನ್ನು ಮತ್ತೆ ಹಾಕುವ ಜಿಪುಣತನ ಬೇಡ. ಕ್ಲ್ಯಾಂಪ್ ಬೋಲ್ಟ್ ಕೂಡ ಹೊಸದೇ ಇರಲಿ, ಮತ್ತೆ ಅದನ್ನು ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ.

ಪೈಪುಗಳನ್ನು ಜೋಡಿಸಿ, ಬ್ಯಾಟರಿ ಹಾಕಿ, ಪ್ರೈಮಿಂಗ್ ಪಂಪ್ (ಪೈಪಿಗೆ ಡೀಸೆಲ್ ತುಂಬಿಸುವ ಕೈ ಪಂಪ್) ಇದ್ದರೆ ಒತ್ತಿ, ಇಲ್ಲದಿದ್ದರೆ ನಾಲ್ಕೈದು ಸಲ ಕೀ ಆನ್ ಆಫ್ ಮಾಡಿ. ಸ್ಟಾರ್ಟ್ ಆಗಲು ಸ್ವಲ್ಪ ಸತಾಯಿಸಬಹುದು. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಜಾಯಿಂಟುಗಳಿಗೆ ಟಿಶ್ಯೂ ಒತ್ತಿ ನೋಡಿ. ಮಾರನೆಯ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸೋಪಿನ ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ.