ಎದೆಹಾಲಿನ ಸಕ್ಕರೆ ಪತ್ತೆ ಹಚ್ಚುವ ಬ್ಯಾಕ್ಟೀರಿಯಾ: ಲ್ಯಾಕ್ಟೋಸ್ ಕಾಟ ತಪ್ಪಿಸುವುದು ಹೇಗೆ?

ಎದೆಹಾಲಿನ 2'-ಫ್ಯೂಕೋಸಿಲ್‌ಲ್ಯಾಕ್ಟೋಸ್ ಎಂಬ ಸಕ್ಕರೆ ಸಿಕ್ಕರೆ ಹಸಿರಾಗಿ ಹೊಳೆಯುವ ಬ್ಯಾಕ್ಟೀರಿಯಾ ಮಾಡುವುದು ನನ್ನ ಕೆಲಸ. ಮೊದಲ ಸಲ ಪ್ಲೇಟ್ ಹಸಿರಾಗಿ ಹೊಳೆದಾಗ ನಾನು ಲ್ಯಾಬಿನಲ್ಲಿ ಕುಣಿಯುವುದೊಂದು ಬಾಕಿ ಇತ್ತು. ಆಮೇಲೆ ಕೆಳಗಿನ ಸಾಲು ನೋಡಿದೆ. ಆ ಸಕ್ಕರೆಯನ್ನು ಕತ್ತರಿಸುವ ಕಿಣ್ವವೇ ಇಲ್ಲದ, ಹೋಲಿಕೆಗೆ ಇಟ್ಟ ಕಂಟ್ರೋಲ್ ತಳಿಯೂ ಅಷ್ಟೇ ಹೊಳೆಯುತ್ತಿತ್ತು! ನಾನು ಅಳೆದದ್ದು ಬರೀ ಲ್ಯಾಕ್ಟೋಸ್, ಅಂದರೆ ಹಾಲಿನ ಮಾಮೂಲಿ ಸಕ್ಕರೆ.

ಎದೆಹಾಲಿನಲ್ಲಿ ಲೀಟರಿಗೆ ಸುಮಾರು 70 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ನಾವು ಹುಡುಕುವ 2'-ಫ್ಯೂಕೋಸಿಲ್‌ಲ್ಯಾಕ್ಟೋಸ್ ಕೆಲವೇ ಗ್ರಾಂ. ಅದೂ ಲ್ಯಾಕ್ಟೋಸೇ, ಫ್ಯೂಕೋಸ್ ಎಂಬ ಬಾಲ ಅಂಟಿಕೊಂಡಿದೆ ಅಷ್ಟೆ. ಆ ಬಾಲ ಇರುವಷ್ಟು ಹೊತ್ತು ನಾವು ಬಳಸುವ ಈ. ಕೋಲಿ ಬ್ಯಾಕ್ಟೀರಿಯಾಕ್ಕೆ ಅದು ಸಕ್ಕರೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಾಗಿ ಬಾಲ ಕತ್ತರಿಸುವ ಕಿಣ್ವವನ್ನು ಬ್ಯಾಕ್ಟೀರಿಯಾಕ್ಕೆ ಕೊಡಬೇಕು. ಬಿಫಿಡೋಬ್ಯಾಕ್ಟೀರಿಯಂ ಬಿಫಿಡಂ ಎಂಬ ಬ್ಯಾಕ್ಟೀರಿಯಾದ ಫ್ಯೂಕೋಸಿಡೇಸ್ ಒಳ್ಳೆಯದು. ನಾನು ಅದನ್ನು ಕೋಶದ ಹೊರಮೈಗೆ ಕಳಿಸುತ್ತೇನೆ. ಬಿಡುಗಡೆಯಾದ ಲ್ಯಾಕ್ಟೋಸ್ ಒಳಗೆ ಹೋಗುತ್ತದೆ, ಲ್ಯಾಕ್ ಪ್ರೊಮೋಟರ್ (ಜೀನ್ ಶುರುಮಾಡುವ ಸ್ವಿಚ್) ಏಳುತ್ತದೆ, ಅದಕ್ಕೆ ಜೋಡಿಸಿದ ಹಸಿರು ಪ್ರೋಟೀನ್ ಜಿಎಫ್‌ಪಿ ಹೊಳೆಯುತ್ತದೆ. ತಳಿ ಆರಿಸುವಾಗ ಹುಷಾರು. ಕ್ಲೋನಿಂಗಿಗೆ ಬಳಸುವ ಡಿಎಚ್5ಆಲ್ಫಾ ತಳಿಯಲ್ಲಿ ಲ್ಯಾಕ್ಟೋಸನ್ನು ಬದಲಿಸುವ ಕಿಣ್ವ ಲ್ಯಾಕ್‌ಝೆಡ್ ಕೆಲಸ ಮಾಡುವುದಿಲ್ಲ. ಸ್ವಿಚ್ ಒತ್ತುವುದು ಲ್ಯಾಕ್ಟೋಸ್ ಅಲ್ಲ, ಲ್ಯಾಕ್‌ಝೆಡ್ ಮಾಡಿಕೊಡುವ ಅಲೋಲ್ಯಾಕ್ಟೋಸ್. ಅದಿಲ್ಲದಿದ್ದರೆ ದಿನವಿಡೀ ಸುಮ್ನೆ ಕಾಯುತ್ತೀರಿ.

ಬೆಳೆಸಲು ಎಂ9 ಎಂಬ ಲವಣದ ಮಾಧ್ಯಮ, ಜೊತೆಗೆ ಗ್ಲಿಸರಾಲ್. ಗ್ಲೂಕೋಸ್ ಬೇಡ, ಅದಿದ್ದರೆ ಲ್ಯಾಕ್ ಮಲಗಿಬಿಡುತ್ತದೆ. ಇದೇ ಕಾರಣಕ್ಕೆ ಲ್ಯಾಕ್ಟೇಸ್ ಹಾಕಿ ಲ್ಯಾಕ್ಟೋಸ್ ಓಡಿಸೋಣ ಎನ್ನುವ ಆಸೆಯನ್ನೂ ಬಿಡಿ. ಅದು ಒಡೆದು ಕೊಡುವುದೇ ಗ್ಲೂಕೋಸ್, ಅಲ್ವಾ?

ಹಾಲನ್ನು ತಣ್ಣಗೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಕೊಬ್ಬಿನ ಪದರ ಬಿಟ್ಟು ಅಡಿಯ ನೀರನ್ನು ಎಳೆದುಕೊಳ್ಳಿ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಶೋಧಿಸಿ, ಹಾಲಿನದ್ದೇ ಬ್ಯಾಕ್ಟೀರಿಯಾ ಒಳಗೆ ಬರದಿರಲಿ. ಆಮೇಲೆ ಕಾರ್ಬನ್ ಕಾಲಂ, ಅಂದರೆ ಕಾರ್ಬನ್ ಪುಡಿ ತುಂಬಿದ ಕೊಳವೆ. ನೀರು ಬೆರೆಸಿ ತೆಳುಮಾಡಿದ ದ್ರಾವಕದಲ್ಲಿ ತೊಳೆದರೆ ಲ್ಯಾಕ್ಟೋಸ್ ಮೊದಲು ಜಾರುತ್ತದೆ, ದೊಡ್ಡ ಸಕ್ಕರೆಗಳು ಹಿಡಿದುಕೊಂಡಿರುತ್ತವೆ. ಅವನ್ನು ಹೆಚ್ಚು ದ್ರಾವಕವಿರುವ ಮಿಶ್ರಣದಲ್ಲಿ ಇಳಿಸಿ, ದ್ರಾವಕವನ್ನು ಪೂರ್ತಿ ಆವಿ ಮಾಡಿ. ಉಳಿದರೆ ಸೆನ್ಸರ್ ಆಗಿರುವ ಬ್ಯಾಕ್ಟೀರಿಯಾವೇ ಸಾಯುತ್ತದೆ. ನನಗೆ ಒಂದು ಇಡೀ ಪ್ಲೇಟ್ ಹಾಗೆ ಹೋಗಿದೆ.

ಲ್ಯಾಕ್ಟೋಸ್ ಒಂಚೂರಾದರೂ ಉಳಿಯುತ್ತದೆ. ಪ್ರತಿ ಸ್ಯಾಂಪಲ್ಲಿನ ಜೊತೆ ಕಿಣ್ವವಿಲ್ಲದ ತಳಿಯನ್ನೂ ಓಡಿಸಿ, ಅದರ ಹೊಳಪನ್ನು ಕಳೆಯಿರಿ. ಹೊಳಪನ್ನು ಓಡಿ600ರಿಂದ (ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಎನ್ನುವ ಅಳತೆ) ಭಾಗಿಸಲು ಮರೆಯಬೇಡಿ, ಇಲ್ಲದಿದ್ದರೆ ಪ್ಲೇಟಿನಲ್ಲಿ ಜಾಸ್ತಿ ಬೆಳೆದ ಬಾವಿಯೇ (ಗುಳಿಯೇ) ಜಾಸ್ತಿ ಸಕ್ಕರೆಯದ್ದು ಅನ್ನಿಸುತ್ತದೆ.

ಎಫ್‌ಯುಟಿ2 ಎಂಬ, ಫ್ಯೂಕೋಸ್ ಬಾಲ ಅಂಟಿಸುವ ಜೀನ್ ಕೆಲಸ ಮಾಡದ ತಾಯಂದಿರ ಹಾಲಿನಲ್ಲಿ ಈ ಸಕ್ಕರೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಒಪ್ಪಿಗೆ ಪಡೆದು ಅಂಥ ಹಾಲು ಒಂದಿಷ್ಟು ತೆಗೆದಿಡಿ. ಕಂಟ್ರೋಲ್ ಹೊಳಪು ಕಳೆದ ಮೇಲೂ ಆ ಹಾಲಿನ ಬಾವಿ ಹೊಳೆದರೆ ಲ್ಯಾಕ್ಟೋಸ್ ಹೋಗಿಲ್ಲ ಎಂದರ್ಥ, ಕಾಲಂ ಇನ್ನೊಮ್ಮೆ ತೊಳೆಯಿರಿ.