21 ಎಲೆಗಳ ಇಸ್ಪೀಟ್ ಮ್ಯಾಜಿಕ್‌ಗೆ ಪೈಥಾನ್ ಕೋಡ್ ಬರೆಯೋದು ಹೇಗೆ?

ಲಿಸ್ಟ್, ಫಂಕ್ಷನ್, ಫಾರ್ ಲೂಪ್ ಇಷ್ಟು ಗೊತ್ತಿದ್ದರೆ ಸಾಕು, ಈ ಮ್ಯಾಜಿಕ್ ನೀವೇ ಬರೆಯಬಹುದು. ಆದರೆ ಮೊದಲು ನಿಜವಾದ ಎಲೆ ಹಿಡಿದು ಒಂದೆರಡು ಸಲ ಆಡಿ ನೋಡಿ.

ಎದುರಿನವರು 21 ಎಲೆಗಳಲ್ಲಿ ಒಂದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲಿ. ನೀವು ಎಡ, ನಡು, ಬಲ, ಮತ್ತೆ ಎಡ ಅಂತ ಒಂದೊಂದೇ ಎಲೆ ಹಾಕುತ್ತಾ ಹೋದರೆ ಏಳೇಳು ಎಲೆಯ ಮೂರು ಸಾಲು ಆಗುತ್ತವೆ. ಅವರ ಎಲೆ ಯಾವ ಸಾಲಿನಲ್ಲಿದೆ ಅಂತ ಕೇಳಿ, ಆ ಸಾಲನ್ನು ಉಳಿದೆರಡರ ಮಧ್ಯೆ ಇಟ್ಟು ಎಲ್ಲವನ್ನೂ ಒಟ್ಟು ಮಾಡಿ. ಹೀಗೆ ಮೂರು ಸಲ. ಕೊನೆಗೆ ಅವರ ಎಲೆ 11ನೆಯದಾಗಿ ಕೂತಿರುತ್ತದೆ, ಯಾವಾಗಲೂ!

ಈಗ ಕೋಡ್. 52 ಎಲೆಗಳ ಲಿಸ್ಟ್ ಮಾಡಿ, ಅದರಿಂದ 21 ಆರಿಸಲು ರ್ಯಾಂಡಮ್ ಮಾಡ್ಯೂಲಿನ ಸ್ಯಾಂಪಲ್ ಬಳಸಿ. ಪ್ರತಿ ಸಲ ಇಡೀ ಲಿಸ್ಟ್‌ನಿಂದ ಒಂದನ್ನು ಆರಿಸುವ ಚಾಯ್ಸ್ ಅನ್ನು 21 ಸಲ ಕರೆದರೆ ಆಟೀನ್ ರಾಣಿ ಎರಡೆರಡು ಸಲ ಬಂದುಬಿಡಬಹುದು. ಇಡೀ ಆಟದ ಜೀವ ಇರೋದು ಈ ಎರಡು ಹೇಳಿಕೆಗಳಲ್ಲಿ (ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು, ಇದು ಹಾಗೇ ಓಡುತ್ತದೆ):

ಸಾಲುಗಳು = [ಎಲೆಗಳು[0::3], ಎಲೆಗಳು[1::3], ಎಲೆಗಳು[2::3]]
ಎಲೆಗಳು = ಸಾಲುಗಳು[ಉತ್ತರ-2] + ಸಾಲುಗಳು[ಉತ್ತರ-1] + ಸಾಲುಗಳು[ಉತ್ತರ-3]

[0::3] ಅನ್ನೋದು ಸ್ಲೈಸ್, ಅಂದರೆ ಲಿಸ್ಟ್‌ನಿಂದ ಒಂದು ಭಾಗ ತೆಗೆಯೋದು: 0ಯಿಂದ ಶುರುಮಾಡಿ ಮೂರು ಮೂರು ಹೆಜ್ಜೆಗೆ ಒಂದು ಎಲೆ. ಉತ್ತರ ಅಂದರೆ ಆಟಗಾರ ಕೊಟ್ಟ 1, 2 ಅಥವಾ 3. ಇನ್‌ಪುಟ್‌ನಿಂದ ಬರೋದು ಸ್ಟ್ರಿಂಗ್, ಹಾಗಾಗಿ ಇಂಟ್ ಮಾಡಿಕೊಳ್ಳಿ. ಲಿಸ್ಟ್ 0ಯಿಂದ ಎಣಿಸುವುದರಿಂದ ಒಂದು ಕಳೆದರೆ ಹೇಳಿದ ಸಾಲು ಸಿಗುತ್ತದೆ, ಅದೇ ಮಧ್ಯದ್ದು. ಎರಡು, ಮೂರು ಕಳೆದರೆ ಉಳಿದೆರಡು ಸಾಲು ಸಿಗುತ್ತವೆ. ಮೈನಸ್ ಸಂಖ್ಯೆ ಬಂದರೆ ಪೈಥಾನ್ ಹಿಂದಿನಿಂದ ಎಣಿಸುತ್ತದೆ, ಚಿಂತೆ ಬೇಡ.

ಹೊಸಬರು ಜಾಸ್ತಿ ಎಡವೋದು ಸ್ಲೈಸ್ ಹತ್ತಿರ. ಎಲೆಗಳು[0:7], ಎಲೆಗಳು[7:14] ಅಂತ ಬರೆದರೆ ಮೂರು ಸಾಲು ಸಿಗುತ್ತವೆ ನಿಜ, ಆದರೆ ಎಲೆಗಳು ಹಂಚಿಕೆ ಆಗೋದೇ ಇಲ್ಲ. ಆರಿಸಿದ ಏಳು ಎಲೆ ಪ್ರತಿ ಸಲವೂ ಅದೇ ಗುಂಪಿನಲ್ಲಿ ನಡುವೆ ಬಂದು ಕೂರುತ್ತವೆ, ಯಾವ ಎಲೆ ಅಂತ ಎಂದೂ ಗೊತ್ತಾಗಲ್ಲ.

ಯಾಕೆ 11 ಅಂತ ಒಮ್ಮೆ ಲೆಕ್ಕ ಹಾಕಿ, ತುಂಬಾ ಚೆನ್ನಾಗಿದೆ. ಎಲೆಯ ಇಂಡೆಕ್ಸ್ (0ಯಿಂದ ಎಣಿಸಿದ ಜಾಗ) ಅನ್ನು 3ರಿಂದ ಭಾಗಿಸಿ ಶೇಷ ಬಿಟ್ಟರೆ ಸಾಲಿನೊಳಗೆ ಅದರ ಜಾಗ ಸಿಗುತ್ತದೆ. ಅದಕ್ಕೆ 7 ಕೂಡಿಸಿದರೆ ಹೊಸ ಇಂಡೆಕ್ಸ್. ಮೊದಲ ಸುತ್ತಿಗೆ ಎಲೆ 7ರಿಂದ 13ರೊಳಗೆ ಬರುತ್ತದೆ, ಎರಡನೆಯದಕ್ಕೆ 9ರಿಂದ 11ರೊಳಗೆ, ಮೂರನೆಯದಕ್ಕೆ 10 ಮಾತ್ರ. ಅಂದರೆ ಎಣಿಕೆಯಲ್ಲಿ 11ನೆಯದು.

ಒಂದು ಸಲ ಸರಿ ಬಂತು ಅಂತ ಸುಮ್ನೆ ಬಿಡಬೇಡಿ. 21 ಎಲೆಗಳಲ್ಲಿ ಒಂದೊಂದನ್ನೂ ಗುಟ್ಟಿನ ಎಲೆ ಅಂತ ಇಟ್ಟುಕೊಂಡು ಲೂಪ್ ಓಡಿಸಿ, ಅದು ಯಾವ ಸಾಲಿನಲ್ಲಿದೆ ಅಂತ ಪ್ರೋಗ್ರಾಮೇ ಹುಡುಕಿ ಉತ್ತರ ಕೊಡಲಿ. ಮೂರು ಸುತ್ತು ಆದಮೇಲೆ ಎಲ್ಲದಕ್ಕೂ ಇಂಡೆಕ್ಸ್ 10 ಬರಬೇಕು. ಒಂದಕ್ಕೆ ತಪ್ಪಿದರೂ ಮೊದಲು ಸ್ಲೈಸ್ ನೋಡಿ, ಆಮೇಲೆ ಸಾಲು ಕೂಡಿಸಿದ ಕ್ರಮ.